ಮೊದಲು ಬಾಯಿ, ಆಮೇಲೆ ಕೈ

ಮಾರ್ಚ್ ೩, ಸೋಮವಾರ

ಅಪ್ಪ ಇವತ್ತು ಅಮ್ಮನ ಮುಖಕ್ಕೆ ಚಹಾದ ಲೋಟ ಎಸೆದರು. ಪುಣ್ಯಕ್ಕೆ ಚಹಾ ಆರಿತ್ತು. ಲೋಟ ಮಾತ್ರ ಸ್ಟೀಲಿನದು. ಹುಬ್ಬು ಸೀಳಿ ರಕ್ತ ಇಳಿದು ಅಮ್ಮನ ಒಂದು ಕಣ್ಣೇ ಮುಚ್ಚಿಹೋಯಿತು. ಅಷ್ಟಕ್ಕೂ ಬಿಡದೆ ಅವಳ ಮಣಿಕಟ್ಟು ಹಿಡಿದು ತಿರುಚತೊಡಗಿದರು. ನಾನು ಅಂಗಳದಿಂದ ಓಡಿ ಬಂದೆ. "ಅಪ್ಪ, ಬಿಡಿ ಅಪ್ಪ, ಅದು ಅಮ್ಮ" ಎಂದು ಗೋಗರೆದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಇನ್ನೇನು ಮೂಳೆ ಮುರಿಯಿತು ಅನ್ನುವಾಗ ನಾಯಿಗಳಿಗೆ ಕೊಡುವ ದನಿಯಲ್ಲೇ ನನ್ನ ಬಾಯಿಂದ ಆಜ್ಞೆ ಹೊರಬಿತ್ತು.

"ಬಿಡು!"

ತಕ್ಷಣ ಬಿಟ್ಟರು. ಬಿಟ್ಟು ಹಿಂದೆ ಸರಿದು, ಮುಂದೇನು ಎಂಬಂತೆ ನನ್ನ ಮುಖ ನೋಡಿದರು.

ಇದರಲ್ಲಿ ಆಶ್ಚರ್ಯ ಪಡುವಂಥದ್ದೇನಿಲ್ಲ. ಜೀವಮಾನವೆಲ್ಲ ಕಾವಲು ನಾಯಿಗಳನ್ನು ಪಳಗಿಸಿದ ಮನುಷ್ಯ. ಮನೆಯ ಹಿಂದಿನ ಅಂಗಳ, ಅದರ ಸುತ್ತ ನಾಯಿಗೂಡುಗಳು, ಗೋಡೆಗೆ ನೇತುಹಾಕಿದ ಚರ್ಮದ ಪಟ್ಟಿಗಳು, ಎಲ್ಲ ಅವರು ಕಟ್ಟಿದ್ದು. ಈಗ ನಾನು ನಡೆಸುತ್ತಿದ್ದೇನೆ. ಲಂಗ ಹಾಕುವ ವಯಸ್ಸಿನಿಂದಲೇ ಅವರ ಹಿಂದೆ ಹಿಂದೆ ಅಂಗಳ ಸುತ್ತಿದವಳು ನಾನು. ಅದಕ್ಕೇ ನನಗೆ ಅವರಿಟ್ಟ ಹೆಸರು ಚಿಕ್ಕ ಮೇಷ್ಟ್ರು.

ಸಿಟ್ಟಿಳಿದ ಮೇಲೆ ಅಮ್ಮನ ಹಣೆಯ ಪಟ್ಟಿ ನೋಡಿ, "ಚಿಕ್ಕ ಮೇಷ್ಟ್ರೇ, ಇವಳಿಗೆ ಯಾರು ಹೊಡೆದ್ರು?" ಎಂದು ನನ್ನನ್ನೇ ಕೇಳಿದರು. ಅಮ್ಮ ಮೂಲೆಗೆ ಉರುಳಿದ್ದ ಲೋಟ ಎತ್ತಿಕೊಂಡು, "ಯಾರೂ ಇಲ್ಲ. ಆದ್ರೂ ಲೋಟ ಸೊಟ್ಟ ಆಯ್ತಲ್ಲ" ಎಂದಳು. ನಮ್ಮಮ್ಮ ಹಾಗೆಯೇ.

ಸಂಜೆ ಅಣ್ಣ ಬಂದ. ಬಸ್ ಡಿಪೋದಲ್ಲಿ ಎಲ್ಲರ ಮೇಲೂ ಹಾರಾಡಿ ಅಭ್ಯಾಸ. ಇಲ್ಲೂ ಅದೇ ವರಸೆ.

"ಇನ್ನೊಂದ್ ಸಲ ರಕ್ತ ಬಂತು ಅಂದ್ರೆ ನಾನು ಯಾರ ಮಾತೂ ಕೇಳಲ್ಲ. ಅಪ್ಪನ್ನ ಆಸ್ಪತ್ರೆಯ ಬೀಗ ಹಾಕೋ ವಾರ್ಡಿಗೆ ಸೇರಿಸಿಬಿಡ್ತೀನಿ."

"ಅಲ್ಲಿ ಮಂಚಕ್ಕೆ ಕಟ್ಟಿ ಹಾಕ್ತಾರೆ ಕಣೋ, ನಾನು ಕಣ್ಣಾರೆ ನೋಡಿದೀನಿ."

"ಮತ್ತೆ ನೀನೇನ್ ಮಾಡ್ತೀಯ, ಮುದ್ದು ಮಾಡ್ತೀಯಾ?"

"ನೋಡ್ಕೋತೀನಿ. ನನ್ನಪ್ಪನ ಮೈಮೇಲೆ ಯಾರೂ ಹಗ್ಗ ಹಾಕಕ್ಕೆ ನಾನು ಬಿಡಲ್ಲ."

ಹಾಗೆ ಅಂದ ಮೇಲೆ ಮುಗಿಯಿತು. ಅಪ್ಪ ಈ ಮನೆಯಲ್ಲೇ ಇರುತ್ತಾರೆ. ಕಚ್ಚುವ ನಾಯಿಗಳನ್ನು ದಾರಿಗೆ ತಂದವಳಿಗೆ ಹೆತ್ತ ಅಪ್ಪ ದೊಡ್ಡದಲ್ಲ.


ಮಾರ್ಚ್ ೫, ಬುಧವಾರ

ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಅಪ್ಪನಿಗೆ ಆಲ್ಜೈಮರ್ಸ್ ಎಂದು ಮೊದಲು ಹೇಳಿದವರೂ ಇವರೇ. ಮರೆವಿನ ಕಾಯಿಲೆಗೂ ಕೈ ಮಾಡುವುದಕ್ಕೂ ಏನು ಸಂಬಂಧ ಎಂದು ಕೇಳಿದೆ. ಅವರು ನನ್ನ ಕೆಲಸ ಏನೆಂದು ಕೇಳಿ, "ಹಾಗಾದ್ರೆ ನಿಮಗೆ ಹೇಳೋದು ಸುಲಭ" ಎಂದು ನಕ್ಕರು.

"ಮಿದುಳಿಗೂ ಕಾವಲಿನ ಕೋಶಗಳಿರ್ತವೆ. ಕಸ ಬಿದ್ರೆ ತಿಂದು ಹಾಕೋದು, ರೋಗಾಣು ನುಗ್ಗಿದ್ರೆ ಹೊಡೆದು ಹಾಕೋದು ಅವುಗಳ ಕೆಲಸ. ಈ ಕಾಯಿಲೇಲಿ ಒಂದು ಥರದ ಪ್ರೋಟೀನು ಗಂಟು ಕಟ್ಕೊಳ್ಳುತ್ತೆ. ಇವು ತೆಗೆಯೋಕೆ ಹೋಗ್ತವೆ. ತೆಗೆದಷ್ಟೂ ಮುಗಿಯಲ್ಲ. ವರ್ಷಗಟ್ಟಲೆ ಕೆರಳಿಕೊಂಡೇ ಇರ್ತವೆ. ಅದನ್ನೇ ಉರಿಯೂತ ಅನ್ನೋದು. ಕೊನೆಗೆ ಚೆನ್ನಾಗಿರೋ ನರಗಳ ಕೊಂಡಿಗಳನ್ನೂ ಕಡಿಯೋಕೆ ಶುರು ಮಾಡ್ತವೆ."

"ಕಾಯೋಕೆ ಇಟ್ಟಿದ್ದೇ ಕಡಿಯುತ್ತಾ?"

"ಹ್ಞೂ. ತಾನು ಕಾಯ್ತಾನೇ ಇದೀನಿ ಅಂತ ಅದಕ್ಕೆ ಅನ್ಸುತ್ತೆ ಅಂತ ಇಟ್ಕೊಳ್ಳಿ."

"ಸರಪಳೀಲಿ ಬಿಗಿದು, ನಿದ್ದೆ ಕೊಡದೆ ಬೊಗಳಿಸಿದ್ರೆ ನಾಯಿನೂ ಹಂಗೇ ಆಗುತ್ತೆ ಮೇಡಂ. ಮನೆಯವರು ಯಾರು, ಕಳ್ಳ ಯಾರು ಗೊತ್ತಾಗಲ್ಲ."

ಹೊರಡುವಾಗ ಇನ್ನೊಂದು ಮಾತು ಹೇಳಿದರು. ಮೈಯಲ್ಲಿ ಬೇರೆ ಎಲ್ಲಿ ಸೋಂಕಾದರೂ, ಎಲ್ಲಿ ಕೀವಾದರೂ, ಅದರ ಬಿಸಿ ಮಿದುಳಿನ ಕಾವಲಿಗೂ ತಟ್ಟಿ ಅವು ಮತ್ತಷ್ಟು ಕೆರಳುತ್ತವಂತೆ. "ಏಕಾಏಕಿ ಜೋರಾದ್ರೆ, ಕಾಯಿಲೆ ಮುಂದುವರೀತು ಅಂತ ಸುಮ್ನೆ ಕೂತ್ಕೋಬೇಡಿ. ಕರ್ಕೊಂಡು ಬನ್ನಿ." ಆಯಿತು ಎಂದೆ.


ಮಾರ್ಚ್ ೯, ಭಾನುವಾರ

ಆಜ್ಞೆಗಳು ನಾಟುತ್ತಿವೆ! ಕೂರು ಅಂದರೆ ಕೂರುತ್ತಾರೆ, ನಿಲ್ಲು ಅಂದರೆ ನಿಲ್ಲುತ್ತಾರೆ. "ಬಾಯಿ" ಅಂದರೆ ಬಾಯಿ ತೆರೆಯುತ್ತಾರೆ, ನಾನು ಮಾತ್ರೆ ಹಾಕುತ್ತೇನೆ. ಪಳಗಿಸುವಾಗ ನಾಯಿಗಳ ಬಾಯಿ ನೋಡಲು ಅಪ್ಪ ಬಳಸುತ್ತಿದ್ದ ಪದವೇ ಅದು. ಅಮ್ಮನಿಗೆ ಇದು ಹಿಡಿಸಿಲ್ಲ. "ಗಂಡಸಿನ ಮರ್ಯಾದೆ ತೆಗೀಬೇಡ್ವೇ" ಎಂದಳು. ಹಣೆಯ ಹೊಲಿಗೆ ಇನ್ನೂ ಬಿಚ್ಚಿಲ್ಲ, ಮರ್ಯಾದೆಯ ಚಿಂತೆ.

ಮಧ್ಯಾಹ್ನ ಒಬ್ಬ ಗಿರಾಕಿ, ಟೈಲ್ಸ್ ಅಂಗಡಿಯವನು, ತನ್ನ ನಾಯಿ ಎಳೆದುಕೊಂಡು ಬಂದ. ಕೈಗೆ ದಪ್ಪ ಬ್ಯಾಂಡೇಜು. "ಇದಕ್ಕೆ ಹುಚ್ಚು ಹಿಡಿದಿದೆ, ಸಾಯಿಸ್ಬಿಡಿ" ಎಂದು ಕೂಗಾಡಿದ. ಅಪ್ಪ ಜಗಲಿಯಿಂದ ಎದ್ದು ಬಂದರು. ಬೆರಳುಗಳಿಗೆ ಯಾವ ಮರೆವೂ ಇಲ್ಲ. ನಾಯಿಯ ತುಟಿ ಮೇಲೆತ್ತಿ, ಒಳಗಿನ ಹಲ್ಲಿನವರೆಗೂ ಹೆಬ್ಬೆರಳು ಆಡಿಸಿ, "ಬಾಯಿ ಚೆನ್ನಾಗಿದೆ" ಎಂದರು. ಆಮೇಲೆ ಗಿರಾಕಿಯ ಕೈ ಹಿಡಿದು ಅಂಗೈ ಮೇಲೆ ಮಾಡಿ, "ಏನ್ ಹಿಡ್ಕೊಂಡಿದ್ರಿ ಈ ಕೈಲಿ?" ಎಂದರು.

ನಮ್ಮ ಅಂಗಳದ ಕ್ರಮ ಇದು, ಮೊದಲಿನಿಂದಲೂ. ಕಚ್ಚಿದ ನಾಯಿಯ ಬಾಯಿ ಮೊದಲು ನೋಡಬೇಕು. ಹಲ್ಲು ನೋವು, ಒಸಡು ಹುಣ್ಣು ಇದ್ದರೆ ಎಂಥ ಸಾಧು ನಾಯಿಯೂ ಕಚ್ಚುತ್ತದೆ. ಬಾಯಲ್ಲಿ ಏನೂ ಇಲ್ಲದಿದ್ದರೆ ಕಚ್ಚಿಸಿಕೊಂಡವರ ಕೈ ನೋಡಬೇಕು.

"ಏನೂ ಇಲ್ಲ" ಎಂದ ಟೈಲ್ಸ್‌ನವನು. ಎಲ್ಲರೂ ಮೊದಲು ಹಾಗೆಯೇ ಹೇಳುತ್ತಾರೆ. ಅಪ್ಪ ಕೈ ಬಿಡದೆ ಅವನ ಮುಖ ನೋಡುತ್ತ ನಿಂತರು. ಕೊನೆಗೆ ಪೈಪಿನ ತುಂಡು ಎಂದು ಬಾಯಿಬಿಟ್ಟ.

ಎಷ್ಟು ಹೆಮ್ಮೆಯಾಯಿತೆಂದರೆ ಗೂಡಿನ ಹಿಂದೆ ಹೋಗಿ ಅತ್ತುಬಿಟ್ಟೆ.


ಮಾರ್ಚ್ ೧೫, ಶನಿವಾರ

ಹೆಮ್ಮೆಪಟ್ಟಿದ್ದೇ ತಪ್ಪಾಯಿತೇನೋ. ಮೂರು ದಿನದಿಂದ ಅಪ್ಪ ಅಪ್ಪನೇ ಅಲ್ಲ. ಮುಖ ಒರೆಸಲು ಹೋದರೆ ಗುದ್ದುತ್ತಾರೆ. ಬಲಗೆನ್ನೆಗೆ ಟವೆಲ್ಲು ತಾಗಿದರೆ ಸಾಕು, ಮುಷ್ಟಿ ಬಂದೇ ಬಂತು. ಬ್ರೆಡ್ಡು ಅಗಿದು ಅಗಿದು ನನ್ನ ಮೇಲೆ ಉಗಿದರು. "ಬಾಯಿ" ಎಂದರೆ ಹಲ್ಲು ಬಿಗಿಯುತ್ತಾರೆ. ಹಠಮಾರಿ ನಾಯಿಗೆ ಮಾಡುವಂತೆ ದವಡೆಯ ಸಂದಿಯನ್ನು ಎರಡೂ ಕಡೆಯಿಂದ ಒತ್ತಿ ತೆರೆಸಿ ಮಾತ್ರೆ ತುರುಕಿದೆ. ಅವರು ಕಿರುಚಿದ್ದು ಬೀದಿಯ ಕೊನೆಯವರೆಗೂ ಕೇಳಿಸಿರಬೇಕು. ಮರುಕ್ಷಣ ಮೊಣಕೈ ನನ್ನ ಮೂಗಿಗೆ ಬಿತ್ತು. ಬಾಯ್ತುಂಬ ರಕ್ತ.

ಸ್ನಾನ ಮಾಡಿಸುವಾಗ ತೋಳುಗವಸು ಹಾಕಿಕೊಂಡೆ. ಕಚ್ಚಲು ಕಲಿಸುವಾಗ ನಾವು ತೋಳಿಗೆ ಹಾಕಿಕೊಳ್ಳುವ, ಗೋಣಿ ಸುತ್ತಿದ ಗವಸು. ಅಮ್ಮ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬಂತೋ ಅಳು ಬಂತೋ ತಿಳಿಯಲಿಲ್ಲ.

ಕಂಬನದೊಂದು ಕಾಟ ಬೇರೆ. ಕಂಬ ಅಪ್ಪ ಕೊನೆಯದಾಗಿ ಪಳಗಿಸಿದ ನಾಯಿ. ನಿಲ್ಲಿಸಿದಲ್ಲಿ ನಿಲ್ಲುತ್ತದೆಂದು ಆ ಹೆಸರು. ಅಪ್ಪನ ಮೇಲೆ ಯಾರಾದರೂ ಕೈ ಎತ್ತಿದರೆ ಆಜ್ಞೆಗೂ ಕಾಯದೆ ಆ ಕೈಯನ್ನು ಹಿಡಿಯಬೇಕು, ಅದರ ಪಾಠ ಅಷ್ಟೇ. ಅಪ್ಪ ನನ್ನ ಮೂಗೊಡೆದಾಗ ಸುಮ್ಮನೆ ಮಲಗಿತ್ತು. ನಾನು ಅಪ್ಪನ ರಟ್ಟೆ ಹಿಡಿದದ್ದೇ ತಡ, ಎದ್ದು ನಿಂತು ಗುರ್ ಎಂದಿತು. ನ್ಯಾಯ ಅಂದರೆ ಇದು.


ಮಾರ್ಚ್ ೧೮

ಹೊಡೆತ. ಉಗಿತ. ಹೊಡೆತ. ಅಂಗಳದ ನಾಯಿಗಳೇ ವಾಸಿ.


ಮಾರ್ಚ್ ೨೨, ಶನಿವಾರ

ಅಪ್ಪ ಅಮ್ಮನ ಕಿರುಬೆರಳು ಮುರಿದ. ಸೂಪು ಕುಡಿಸಲು ಹೋಗಿದ್ದಾಳೆ, ಚಮಚ ಬಲಗಡೆ ಹಲ್ಲಿಗೆ ತಾಗಿತಂತೆ. ಕೂಡಲೇ ಅವಳ ಬೆರಳು ಹಿಡಿದು ಹಿಂದಕ್ಕೆ ಮಡಿಸಿದ. ನಾನು ಬರುವಷ್ಟರಲ್ಲಿ ಕುರ್ಚಿ ಎತ್ತಿ ಅವಳ ಬೆನ್ನಿಗೆ ಬಾರಿಸುತ್ತಿದ್ದ. ಬಿಡು ಎಂದೆ. ಬಿಡು, ಬಿಡು! ಎಲ್ಲಿ ಬಿಡುತ್ತಾನೆ? ಹಿಂದಿನಿಂದ ಕೊರಳಿಗೆ ತೋಳು ಹಾಕಿ ನೆಲಕ್ಕೆ ಕೆಡವಿದೆ. ಅವನ ತಲೆ ಬಾಗಿಲಿನ ಚೌಕಟ್ಟಿಗೆ ಬಡಿಯಿತು. ಏನೂ ಆಗಲಿಲ್ಲ, ಸ್ವಲ್ಪ ಊದಿಕೊಂಡಿದೆ ಅಷ್ಟೇ. ಉದ್ದನೆಯ ಚರ್ಮದ ಪಟ್ಟಿ ತಂದು ಕಬ್ಬಿಣದ ಕುರ್ಚಿಗೆ ಬಿಗಿದೆ.

"ಹಗ್ಗ ಹಾಕಲ್ಲ ಅಂದಿದ್ದೆ ನೀನು" ಎಂದಳು ಅಮ್ಮ, ಬೆರಳಿಗೆ ತಣ್ಣೀರು ಸುರಿದುಕೊಳ್ಳುತ್ತ.

"ಹಗ್ಗ ಅಲ್ಲಮ್ಮ ಅದು, ಪಟ್ಟಿ. ಮೆತ್ತಗಿರುತ್ತೆ."

ಅಮ್ಮನ ಬೆರಳು ಬಾಗಿಲಲ್ಲಿ ಸಿಕ್ಕಿತೆಂದು ಅಣ್ಣನಿಗೆ ಹೇಳಿದ್ದೇವೆ. ರಕ್ತ ಬಂದಿಲ್ಲ, ಹಾಗಾಗಿ ಸುಳ್ಳೇನೂ ಅಲ್ಲ.

ಕಂಬ ಬೊಗಳಿ ಬೊಗಳಿ ತಲೆ ಕೆಡಿಸಿತು. ಹಿಂದಿನ ಗೂಡಿಗೆ ತಳ್ಳಿ ಚಿಲಕ ಹಾಕಿದ್ದೇನೆ.


ಮಾರ್ಚ್ ೨೭, ಗುರುವಾರ

ಇವತ್ತು ಡಾಕ್ಟರಮ್ಮನನ್ನು ನೋಡಬೇಕಿತ್ತು. ಫೋನ್ ಮಾಡಿ ಆಗುವುದಿಲ್ಲ ಎಂದೆ. ಅವನ ರಟ್ಟೆಯ ಮೇಲೆ ಐದೂ ಬೆರಳು ನೀಲಿಯಾಗಿ ಎದ್ದು ಕಾಣುತ್ತಿವೆ. ವಯಸ್ಸಾದ ಚರ್ಮ, ಮುಟ್ಟಿದರೂ ಗುರುತು ಮೂಡುತ್ತದೆ. ಇದನ್ನು ನೋಡಿ ಅವರು ಇಲ್ಲದ ಪ್ರಶ್ನೆ ಕೇಳಿ, ಅದು ಅಣ್ಣನ ಕಿವಿಗೆ ಬಿದ್ದು, ರಾಮಾಯಣ ಯಾರಿಗೆ ಬೇಕು?

ಮೈ ಸ್ವಲ್ಪ ಬೆಚ್ಚಗಿದೆ. ಕಿಟಕಿ ಪಕ್ಕ ಬಿಸಿಲಿಗೆ ಕೂರಿಸಿದ್ದೆ, ಅದಕ್ಕಿರಬೇಕು. ಬಾಯಿ ವಾಸನೆ. ಹಲ್ಲುಜ್ಜಿಸಲು ಹೋದರೆ ಬ್ರಷ್ಷನ್ನೇ ಕಚ್ಚಿ ಮುರಿದ.

ಇತ್ತೀಚೆಗೆ ಪಟ್ಟಿ ಕೈಯಲ್ಲಿದ್ದರೆ ಸಾಕು, ಮಾತು ಕೇಳುತ್ತಾನೆ. ಬೀಸಬೇಕಾಗಿಲ್ಲ. ಹೆಚ್ಚು ಸಲ ಬೀಸಿಲ್ಲ.


ಮಾರ್ಚ್ ೩೦

ಇವತ್ತು ಚಿಕ್ಕ ಮೇಷ್ಟ್ರೇ ಎನ್ನಲಿಲ್ಲ. ನಿನ್ನೆಯೂ ಅಂದಿರಲಿಲ್ಲ ಎಂದು ಅಮ್ಮ ಹೇಳಿದಳು.


ಏಪ್ರಿಲ್ ೨

ಎಡಗೈಯಲ್ಲಿ ಗೀಚುತ್ತಿದ್ದೇನೆ. ಕಂಬ ಕಚ್ಚಿತು. ನನ್ನನ್ನು.


ಏಪ್ರಿಲ್ ೫, ಶನಿವಾರ

ಬೆರಳು ಪೆನ್ನು ಹಿಡಿಯುವಷ್ಟಾಗಿದೆ. ಎಲ್ಲ ಬರೆದುಬಿಡುತ್ತೇನೆ.

ಬುಧವಾರ ಬೆಳಿಗ್ಗೆ ಮಾತ್ರೆಯ ಹೊತ್ತು. ದವಡೆ ಒತ್ತಿದೆ. ಅಪ್ಪ ನನ್ನ ಹೆಬ್ಬೆರಳನ್ನು ಮೂಳೆಗೆ ತಾಗುವಂತೆ ಕಚ್ಚಿ ಹಿಡಿದರು. ಕಣ್ಣು ಕತ್ತಲಿಟ್ಟಿತು. ಬಿಡು ಎಂದು ಕಿರುಚಿದೆ. ಬಲಗೈಯಲ್ಲಿ ಪಟ್ಟಿ ಇತ್ತು, ಮಡಿಸಿದ್ದೆ. ಕೈ ಮೇಲೆ ಹೋಯಿತು. ಅಮ್ಮ ಆಗಷ್ಟೇ ಊಟ ಹಾಕಲು ಗೂಡಿನ ಚಿಲಕ ತೆಗೆದಿದ್ದಳಂತೆ. ಕಂಬ ಬಂದದ್ದು ನನಗೆ ಕಾಣಲೇ ಇಲ್ಲ. ಮೇಲಿದ್ದ ಕೈ ಹಿಡಿದು ನನ್ನನ್ನು ನೆಲಕ್ಕೆಳೆಯಿತು. ಗವಸು ಇರಲಿಲ್ಲ. ಅದರ ಹಲ್ಲು ನನ್ನ ಮಾಂಸದಲ್ಲಿ ಹೂತದ್ದು, ಅದು ತಲೆ ಒದರಿದಾಗ ಚರ್ಮ ಹರಿದದ್ದು ಎರಡೂ ಬೇರೆ ಬೇರೆಯಾಗಿ ತಿಳಿಯಿತು. ಅಮ್ಮ ಚೀರುತ್ತಿದ್ದಳು. ನಾನು ಬಿಡು ಬಿಡು ಎಂದೆ, ಕಂಬ ನನ್ನ ಮಾತು ಕೇಳಲಿಲ್ಲ. ನಾನು ಅದರ ಮೇಷ್ಟ್ರಲ್ಲ, ಕಳ್ಳ.

ಆಗ ಮೇಲಿಂದ ಒಂದು ದನಿ. ಸಿಟ್ಟಿಲ್ಲ, ಗಡಿಬಿಡಿ ಇಲ್ಲ.

"ಬಿಡು."

ಅಪ್ಪ. ತುಟಿಯ ಮೇಲೆ ನನ್ನ ರಕ್ತ. ಕಂಬ ಬಿಟ್ಟು ಅವರ ಕಾಲ ಬಳಿ ಹೋಗಿ ಕೂತಿತು.

ಮಾರನೆಯ ದಿನ ಅಣ್ಣ ಬಂದ. ಅಮ್ಮನೇ ಕರೆಸಿದ್ದು. ನನ್ನ ಕೈ ನೋಡಿದ, ಅಮ್ಮನ ಬೆರಳು ನೋಡಿದ, ಅಪ್ಪನ ಅಂಗಿ ಬಿಚ್ಚಿ ಬೆನ್ನು ನೋಡಿದ. ಹಾರಾಡಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು.

"ನಾಯಿನ ಇವತ್ತೇ ಮುಗಿಸ್ಬೇಕು. ಅಪ್ಪನ್ನ ವಾರ್ಡಿಗೆ ಕರ್ಕೊಂಡು ಹೋಗ್ತೀನಿ. ಗಾಡಿ ಹೊರಗೆ ನಿಂತಿದೆ."

"ಬಾಯಿ ನೋಡದೆ ಈ ಅಂಗಳದಲ್ಲಿ ಒಂದು ನಾಯಿನೂ ಸಾಯಿಸಿಲ್ಲ. ಮೊದ್ಲು ಬಾಯಿ ನೋಡ್ತೀನಿ" ಎಂದೆ. ಹೊತ್ತು ಕಳೆಯಬೇಕಿತ್ತು, ಬೇರೇನೂ ತೋಚಲಿಲ್ಲ.

ಕಂಬನನ್ನು ಜಗಲಿಯ ಮುಂದೆ ಕೂರಿಸಿದೆ. ಅಪ್ಪ ಜಗಲಿಯ ಮೇಲೆ ಕುರ್ಚಿಯಲ್ಲಿದ್ದರು, ಕಟ್ಟಿರಲಿಲ್ಲ. ನಾನು ಬಗ್ಗಿ, "ಬಾಯಿ" ಎಂದೆ. ಕೈ ನೋಯುತ್ತಿದ್ದುದರಿಂದ ಮೆಲ್ಲಗೆ ಹೇಳಿದ್ದೆ. ಕಂಬ ಬಾಯಿ ತೆರೆಯಿತು. ಬೆಳ್ಳಗಿನ ಹಲ್ಲು, ಗುಲಾಬಿ ಒಸಡು, ಏನೂ ಇಲ್ಲ.

"ಅಯ್ಯೋ, ಇವರನ್ನ ನೋಡ್ರೋ" ಎಂದಳು ಅಮ್ಮ.

ತಲೆಯೆತ್ತಿದೆ. ಅಪ್ಪನೂ ಬಾಯಿ ತೆರೆದು ಕೂತಿದ್ದರು. ಅಗಲವಾಗಿ, ನನಗೆ ಕಾಣಲೆಂದು ಮುಖ ಬೆಳಕಿಗೆ ತಿರುಗಿಸಿ.

ಬಲಗಡೆ ಕೊನೆಯ ಹಲ್ಲಿನ ಬುಡ ಹಣ್ಣಾಗಿ ಊದಿತ್ತು. ಹಳದಿ ಕೀವು ಒಸಡಿನಿಂದ ಕೆಳಗಿಳಿದು ದವಡೆಯುದ್ದಕ್ಕೂ ಹಬ್ಬಿತ್ತು. ನನ್ನ ಬೆರಳು ದಿನಾ ಒತ್ತುತ್ತಿದ್ದ ಜಾಗ. ಅಂಗಳದ ಮೂಲೆಗೆ ಓಡಿ ವಾಂತಿ ಮಾಡಿಕೊಂಡೆ.

ಅಣ್ಣ ಬಗ್ಗಿ ಅಪ್ಪನ ಬಾಯೊಳಗೆ ತಾನೂ ನೋಡಿದ. ಆಮೇಲೆ, "ಗಾಡಿ ಹೇಗೂ ಇದೆ. ಹಲ್ಲಿನ ಡಾಕ್ಟ್ರ ಹತ್ರ ಹೋಗೋಣ, ನಡಿ" ಎಂದ.


ಏಪ್ರಿಲ್ ೬, ಭಾನುವಾರ

ಹಲ್ಲು ಕಿತ್ತು ಕೀವು ತೆಗೆದಿದ್ದಾರೆ. ಸೂಜಿ, ಮಾತ್ರೆ ನಡೆಯುತ್ತಿದೆ. ಜ್ವರ ಇಳಿದಿದೆ. ಡಾಕ್ಟರಮ್ಮ ಆಸ್ಪತ್ರೆಗೆ ಬಂದು ನೋಡಿದರು.

"ಇಷ್ಟು ದಿನ ಆ ಕೀವು ಮೈಯೆಲ್ಲ ಕೆರಳಿಸಿದೆ. ಮಿದುಳು ಮೊದಲೇ ಉರೀತಿತ್ತು, ಅದಕ್ಕೆ ಇದು ಸೇರ್ಕೊಂಡಿದೆ. ಈ ಹೊಡೆತ ಬಡಿತ ಬಹುಪಾಲು ಇಳಿಯುತ್ತೆ ನೋಡಿ."

"ಮೊದಲಿನ ಥರ ಆಗ್ತಾರಾ?"

"ಸಮಾಧಾನ ಆಗ್ತಾರೆ. ಆದರೆ ಈ ಉರೀಲಿ ಹೋಗಿದ್ದು ಹೋಯ್ತು. ಅದು ತಿರುಗಿ ಬರಲ್ಲ." ಆಮೇಲೆ ದನಿ ಬದಲಿಸದೆ, "ಬೆನ್ನಿನ ಮೇಲಿರೋದು ಏನು?" ಎಂದರು.

ಅಮ್ಮ ನನಗಿಂತ ಮುಂಚೆ, "ಬಿದ್ರು" ಎಂದಳು. ಡಾಕ್ಟರಮ್ಮ ನನ್ನ ಬ್ಯಾಂಡೇಜು ನೋಡಿದರು, ಅಮ್ಮನನ್ನು ನೋಡಿದರು. ನಾಳೆಯಿಂದ ಹಗಲೆಲ್ಲ ಒಬ್ಬ ದಾದಿ ಮನೆಯಲ್ಲಿ ಇರಲೇಬೇಕು ಎಂದು ಚೀಟಿ ಬರೆದು ಅಣ್ಣನ ಕೈಗೆ ಕೊಟ್ಟರು. ನನ್ನ ಕೈಗೆ ಕೊಡಲಿಲ್ಲ. ನನಗೆ ನಿದ್ದೆ ಸಾಲದು ಎಂದೂ ಅಂದರು. ನಾನು ಚೆನ್ನಾಗಿಯೇ ಇದ್ದೇನೆ.


ಏಪ್ರಿಲ್ ೧೩, ಭಾನುವಾರ

ಅಪ್ಪ ಮನೆಯಲ್ಲೇ ಇದ್ದಾರೆ. ಗೆದ್ದೆ ಅನ್ನಬೇಕು. ಬ್ರೆಡ್ಡು ತಿನ್ನುತ್ತಾರೆ, ಅಮ್ಮ ತಲೆ ಬಾಚಿದರೆ ಕಣ್ಣು ಮುಚ್ಚಿ ಕೂರುತ್ತಾರೆ. ಈ ವಾರ ಯಾರ ಮೇಲೂ ಕೈ ಮಾಡಿಲ್ಲ. ಸೊಟ್ಟ ಲೋಟದಲ್ಲೇ ಚಹಾ ಕುಡಿಯುತ್ತಾರೆ. ಬೆಳಿಗ್ಗೆ ಗೂಟದ ಮೇಲಿದ್ದ ಟವೆಲ್ಲು ತೆಗೆಯಲೆಂದು ನಾನು ಕೈ ಎತ್ತಿದೆ. ಅಪ್ಪ ಕುರ್ಚಿಯಿಂದ ಇಳಿದು, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ನೆಲದ ಮೇಲೆ ಕೂತರು. ಕಂಬ ನಡುವೆ ಬಂದು ನಿಂತಿತು. ದಾದಿ ನೋಡುತ್ತಿದ್ದಳು. ಟವೆಲ್ಲು ತೆಗೆಯಲು ಹೋದದ್ದು, ಅಷ್ಟೇ.

ಸಂಜೆ ಜಗಲಿಯಲ್ಲಿ ಅವರ ಪಕ್ಕ ಕೂತೆ. ತುಂಬ ಹೊತ್ತಿನ ಮೇಲೆ ನನ್ನ ಬ್ಯಾಂಡೇಜು ಅವರ ಕಣ್ಣಿಗೆ ಬಿತ್ತು.

"ನಾಯಿ ಕಚ್ತಾ?" ಎಂದರು. ಗಿರಾಕಿಗಳನ್ನು ವಿಚಾರಿಸುವ ದನಿ.

"ಹೌದು ಅಪ್ಪ."

"ಅದರ ಬಾಯಿ ನೋಡಿದ್ರಾ?"

ನನ್ನಪ್ಪ ನನಗೆ ಬಹುವಚನ ಹಚ್ಚಿದ್ದು ಹುಟ್ಟಿದಾರಭ್ಯ ಇದೇ ಮೊದಲು.

"ನೋಡಿದೆ. ಚೆನ್ನಾಗಿದೆ."

ಅಪ್ಪ ತಲೆಯಾಡಿಸಿದರು. ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು, ನೋವಾಗದಂತೆ, ಮೆಲ್ಲನೆ ಅಂಗೈ ಮೇಲೆ ಮಾಡಿದರು.

"ಏನ್ ಹಿಡ್ಕೊಂಡಿದ್ರಿ ಈ ಕೈಲಿ?"

"ಏನೂ ಇಲ್ಲ" ಎಂದೆ.

ಅಪ್ಪ ಕೈ ಬಿಡದೆ ನನ್ನ ಮುಖ ನೋಡುತ್ತ ಕೂತರು.